ಕಿರುಹೊಲದ ಜೋಳವೂ ಅದರ ಶತ್ರುಗಳೂ

(ಶ್ರೀಮಠದ ಮಹೋತ್ಸವದ ಕೃಷಿಕಗೋಷ್ಠಿಯಲ್ಲಿ ಮಠದ ಪಾಠಶಾಲೆಯ ಪಂಡಿತರು ಮಾಡಿದ ಭಾಷಣ)

ನನಗೆ ಒಪ್ಪಿಸಲ್ಪಟ್ಟ ವಿಷಯವನ್ನು ನನ್ನ ಅಲ್ಪಮತಿಗೆ ತಿಳಿದಮಟ್ಟಿಗೆ ನಿವೇದಿಸುವೆನು.

ವ್ಯಾಕರಣವನ್ನೂ ತರ್ಕವನ್ನೂ ಓದಿ, ಅವನ್ನೇ ಮಕ್ಕಳಿಗೆ ಓದಿಸುತ್ತ ಬಂದವನಿಗೆ ಕಳೆಯ ಮಾತೇಕೆ, ಹುಳುವಿನ ಮಾತೇಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ನನ್ನ ಉತ್ತರವಿಷ್ಟೆ. ಶ್ರೀಮಠದ ದಾಸೋಹದ ಕೊಪ್ಪರಿಗೆಯಲ್ಲಿ ಬೇಯುವ ನುಚ್ಚು, ಹಂಚಿನ ಮೇಲೆ ಉಬ್ಬುವ ರೊಟ್ಟಿ, ಇವೆರಡೂ ನಿಮ್ಮ ಹೊಲಗಳಿಂದ ಬಂದ ಜೋಳದವು. ಆ ಅನ್ನವನ್ನುಂಡು ಶಾಸ್ತ್ರವನ್ನೋದಿದವನು ಅನ್ನದ ಮೂಲವನ್ನು ಕುರಿತು ನಾಲ್ಕು ಮಾತನಾಡಿದರೆ ಅದು ಅಧಿಕಪ್ರಸಂಗವಾಗಲಾರದು. ಅಲ್ಲದೆ ನಮ್ಮ ಹಿಂದಿನ ಗ್ರಂಥಕಾರರು ಈ ವಿಷಯವನ್ನು ಕೀಳೆಂದೆಣಿಸಿದವರಲ್ಲ. ಸಂಸ್ಕೃತದ ಕೃಷಿಪರಾಶರದಲ್ಲಿ ಧಾನ್ಯದ ಹೊಲದ ಕಳೆ ಕೀಳುವದಕ್ಕೆ ‘ನಿಸ್ತೃಣೀಕರಣ’ವೆಂದು ಹೆಸರಿಟ್ಟು ಬೇರೆಯಾಗಿಯೇ ವಿವರಿಸಿದ್ದಾರೆ. ನಮ್ಮ ಕನ್ನಡದಲ್ಲಿ 1025ರ ಸುಮಾರಿಗೆ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಸ್ಥಾನವುಂಟು. ಬೆಳೆಗೆ ಬರುವ ಕೇಡುಗಳಿಗೆ ‘ಈತಿ’ಗಳೆಂದು ಹೆಸರು, ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ನಾಡಿನ ಮೇಲೇರಿ ಬರುವ ನೆರೆಯ ಅರಸರು, ಹೀಗೆ ಆರು ಎಂದು ಎಣಿಸುತ್ತ ಬಂದಿದ್ದಾರೆ. ಅರಸರ ಕಾಲ ಕಳೆಯಿತು. ಉಳಿದ ಐದು ಇನ್ನೂ ನಮ್ಮ ಬದುವಿನ ಮೇಲೆಯೇ ಕುಳಿತಿವೆ. ಮಳೆಯನ್ನು ತರಿಸುವದಾಗಲಿ ನಿಲ್ಲಿಸುವದಾಗಲಿ ನಮ್ಮ ಕೈಯಲ್ಲಿಲ್ಲ. ಕಳೆ ಕೀಟಗಳ ವಿಷಯದಲ್ಲಿಯಾದರೋ ಬಹಳಷ್ಟು ನಮ್ಮ ಕೈಯಲ್ಲಿಯೇ ಇದೆ.

ನಾನು ಇಂದು ಮಾತನಾಡುವದು ನೂರಾರು ಎಕರೆಯ ಒಕ್ಕಲುತನವನ್ನು ಕುರಿತಲ್ಲ. ಎರಡು ಎಕರೆ, ಹೆಚ್ಚೆಂದರೆ ಮೂರು ಎಕರೆ ಎರೆಭೂಮಿಯಲ್ಲಿ ಮನೆಮಂದಿಗೆ ವರ್ಷದ ರೊಟ್ಟಿ, ಜೋಡೆತ್ತಿಗೆ ವರ್ಷದ ಕಣಿಕೆ ಇಷ್ಟನ್ನು ಬಯಸಿ ಜೋಳ ಬಿತ್ತುವವನನ್ನು ಕುರಿತು. ಇಂಥವನ ಬೆಳೆ ಕೆಟ್ಟರೆ ಅವನಿಗೆ ಎರಡು ನಷ್ಟ. ಕಾಳನ್ನೂ ಕೊಳ್ಳಬೇಕು, ಮೇವನ್ನೂ ಕೊಳ್ಳಬೇಕು. ಮೇವು ಕೊಳ್ಳಲಾರದೆ ಎತ್ತು ಮಾರಿದವನು ಮುಂದಿನ ವರ್ಷ ಹದವರಿತು ಎಡೆ ಹೊಡೆಯಲಾರನು. ಎಡೆ ತಪ್ಪಿದ ಹೊಲ ಕಳೆಗೆ ಒಳಗಾಗುವದು. ಕಡೆಗೆ ಆ ಹೊಲವನ್ನೇ ಬೇರೆಯವರಿಗೆ ಒಪ್ಪಿಸಿ ಪಟ್ಟಣದ ದಾರಿ ಹಿಡಿಯುವನು. ಒಂದು ಸಣ್ಣ ಕಳೆಯ ಹಿಂದೆ ಇಷ್ಟು ದೊಡ್ಡ ಸಂಗತಿ ಅಡಗಿರುವದರಿಂದಲೇ ಈ ಮಾತು ಗೋಷ್ಠಿಗೆ ಯೋಗ್ಯವೆಂದು ನಾನೆಣಿಸಿದೆನು.

ನಾನು ಹೇಳತಕ್ಕ ಮಾತಿನ ಸಾರವನ್ನು ಮೊದಲೇ ಹೇಳಿಬಿಡುವೆನು. ಕಿರುಹೊಲದವನ ಬಲವು ಅವನ ಕಣ್ಣಿನಲ್ಲಿಯೂ ಕಾಲಜ್ಞಾನದಲ್ಲಿಯೂ ಇರುವದು. ಆದರೆ ಅವನ ಬದುವಿನ ಆಚೆಯಿಂದ ಬರುವ ಬಾಧೆಗೆ ಊರು ಕೂಡಿದ ಹೊರತು ಪರಿಹಾರವಿಲ್ಲ. ಮೊದಲನೆಯದು ಒಬ್ಬನ ಕಾಯಕ. ಎರಡನೆಯದು ಎಲ್ಲರ ಕಾಯಕ.

ಕಣ್ಣಿನ ಬಲವೆಂದರೇನು? ಸಾಲಿನಿಂದ ಸಾಲಿಗೆ ಒಂದು ಮೊಳ, ಅಂದರೆ 45 ಸೆಂಟಿಮೀಟರು ಬಿಟ್ಟು ಬಿತ್ತಿದರೆ ಒಂದು ಎಕರೆಯ ಸಾಲುಗಳನ್ನೆಲ್ಲ ಕೂಡಿಸಿದ ಉದ್ದವು ಸುಮಾರು 9 ಕಿಲೋಮೀಟರು. ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರು ಇದ್ದರೆ ಎಕರೆಯೊಂದರಲ್ಲಿ ನಿಲ್ಲುವ ಗಿಡಗಳು ಸುಮಾರು 60 ಸಾವಿರ. ಎರಡು ಸಾಲುಗಳ ನಡುವೆ ನಡೆದು ಎಡಬಲ ನೋಡುತ್ತ ಹೋದರೆ ಒಬ್ಬ ಮನುಷ್ಯನು ಒಂದು ಎಕರೆಯ ಗಿಡಗಳನ್ನೆಲ್ಲ ಒಂದು ಮುಂಜಾನೆಯಲ್ಲಿ ಕಂಡು ಬರಬಲ್ಲನು. ನೂರು ಎಕರೆಯ ಒಡೆಯನಿಗೆ ಇದು ಎಂದಿಗೂ ಸಾಧ್ಯವಿಲ್ಲ. ಬಡವನಿಗೆ ದೇವರು ಕೊಟ್ಟ ಈ ಸೌಕರ್ಯವನ್ನು ನಾವು ಬಳಸದೆ ಬಿಟ್ಟರೆ ಅದು ನಮ್ಮ ಆಲಸ್ಯವೇ ಸರಿ.

ಇನ್ನು ಕಳೆಯ ವಿಚಾರ. ಜೋಳವು ಮೊಳೆತು ಐದು ವಾರಗಳಾಗುವವರೆಗೆ ಅದು ಕೂಸಿನಂತೆ. ಮೆಲ್ಲನೆ ಬೆಳೆಯುವದು, ನೆಲವನ್ನು ಮುಚ್ಚಲಾರದು. ಕಳೆಯಾದರೋ ಹುಟ್ಟಿದ ದಿವಸದಿಂದಲೇ ದಾಪುಗಾಲು ಹಾಕುವದು. ಆ ಐದು ವಾರಗಳಲ್ಲಿ ಕಳೆ ಉಂಡ ಸಾರ, ಕುಡಿದ ತೇವ ಇವು ಬೆಳೆಗೆ ತಿರುಗಿ ದೊರೆಯಲಾರವು. ಆಮೇಲೆ ಎಷ್ಟು ಶುದ್ಧಗೊಳಿಸಿದರೂ ಹೊಲವು ನೋಡಲು ಚೆಂದವಾಗಬಹುದೇ ಹೊರತು ತೆನೆ ತುಂಬಲಾರದು. ಆದುದರಿಂದ ಬಿತ್ತಿದ ಮೂರನೆಯ ವಾರಕ್ಕೆ ಮೊದಲ ಎಡೆ, ಐದನೆಯ ವಾರಕ್ಕೆ ಎರಡನೆಯ ಎಡೆ ಹೊಡೆಯತಕ್ಕದ್ದು. ಎಡೆಕುಂಟೆಯು ಸಾಲುಗಳ ನಡುವಿನ ಕಳೆಯನ್ನು ಕತ್ತರಿಸುವದು. ಗಿಡಗಿಡಗಳ ನಡುವೆ, ಸಾಲಿನೊಳಗೇ ಅಡಗಿರುವ ಕಳೆಗೆ ಕುಂಟೆ ತಾಗಲಾರದು. ಅಲ್ಲಿಗೆ ಕುರ್ಪಿ ಹಿಡಿದ ಕೈಯೇ ಹೋಗಬೇಕು. ಹಿಂಗಾರಿ ಜೋಳಕ್ಕೆ ಏಳೆಂಟನೆಯ ವಾರದಲ್ಲಿ ಮೂರನೆಯ ಎಡೆಯೂ ಅವಶ್ಯವು. ಆಗ ಕಳೆ ಕಡಿಮೆಯಿರಬಹುದು. ಆದರೆ ಎರೆಭೂಮಿಯು ಬಿರಿಯತೊಡಗುವ ಕಾಲವದು. ಕುಂಟೆಯು ಮೇಲುಮಣ್ಣನ್ನು ಪುಡಿಮಾಡಿ ಬಿರುಕುಗಳನ್ನು ಮುಚ್ಚಿದರೆ ನೆಲದೊಳಗಿನ ತೇವವು ಆರಿಹೋಗದೆ ನಿಲ್ಲುವದು. ಒಂದೇ ಕುಂಟೆ ಕಳೆಗೆ ಕತ್ತಿಯಾಗುವದು, ತೇವಕ್ಕೆ ಹೊದಿಕೆಯನ್ನೂ ಕೊಡುವದು.

ಕಳೆಗಳಲ್ಲಿಯೂ ಜಾತಿಭೇದವನ್ನರಿತು ನಡೆಯಬೇಕು. ಕರಿಕೆಯು ಗೆಣ್ಣುಗೆಣ್ಣಿಗೂ ಬೇರುಬಿಡುವದು. ಅದನ್ನು ತುಂಡರಿಸಿ ತೇವದ ನೆಲದಲ್ಲಿ ಬಿಟ್ಟರೆ ಒಂದಿದ್ದದ್ದು ಹತ್ತಾಗುವದು. ಜೇಕಿನ ಪ್ರಾಣವು ಅದರ ಗಡ್ಡೆಯಲ್ಲಿದೆ. ಮೇಲಿನ ಹುಲ್ಲನ್ನು ಕೊಯ್ದರೆ ಅದಕ್ಕೆ ಕ್ಷೌರ ಮಾಡಿದಂತಾಯಿತೇ ಹೊರತು ಕೆಡಿಸಿದಂತಾಗಲಿಲ್ಲ. ಇವೆರಡಕ್ಕೂ ಬೇಸಿಗೆಯೇ ಮದ್ದು. ಸುಗ್ಗಿಯಾದ ಮೇಲೆ ಆಳವಾಗಿ ರಂಟೆ ಹೊಡೆದು, ಹೆಂಟೆ ಮಗುಚಿ, ಬೇರುಗಡ್ಡೆಗಳನ್ನು ಬಿಸಿಲಿಗೆ ಒಣಗಿಸಿ, ಆರಿಸಿ ಹೊರಗೆ ಹಾಕುವದು. ಕಾಂಗ್ರೆಸ್ ಕಸವೆಂದು ಕರೆಯಲ್ಪಡುವ ಪಾರ್ಥೇನಿಯಂ ನಮ್ಮ ಅಜ್ಜಂದಿರು ಕಾಣದ ಕಳೆ. 1955ರ ಸುಮಾರಿಗೆ ಪುಣೆಯಲ್ಲಿ ಕಂಡುಬಂದ ಅದು ಇಂದು ನಾಡನ್ನೆಲ್ಲ ವ್ಯಾಪಿಸಿದೆ. ಅದನ್ನು ತಿಂದು ಬದುಕುವ ಮೆಕ್ಸಿಕೋ ದೇಶದ ದುಂಬಿಯೊಂದನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು; ಮಳೆಗಾಲದಲ್ಲಿ ಆ ದುಂಬಿ ಕೆಲಸ ಮಾಡುವದುಂಟು. ಆದರೂ ಬದುವಿನ ಮೇಲೆ ಹೂ ಬಿಡುವ ಮುನ್ನ ಕೈಗೆ ಬಟ್ಟೆ ಸುತ್ತಿಕೊಂಡು ಕೀಳುವದು ನಮ್ಮ ಪಾಲಿನ ಕೆಲಸ. ಬರಿಗೈಯಿಂದ ಕಿತ್ತವರಿಗೆ ಮೈ ತುರಿಕೆ ಹತ್ತುವದನ್ನು ನೀವೆಲ್ಲ ಬಲ್ಲಿರಿ. ಕಳೆಯೆಂದು ಕಿತ್ತುದೆಲ್ಲ ಕೇಡೂ ಅಲ್ಲ. ಹಕ್ಕರಿಕೆ, ಗೋಳಿ ಪಲ್ಲೆಗಳು ತಾಯಂದಿರ ಉಡಿ ಸೇರಿ ಸಂಜೆ ರೊಟ್ಟಿಯ ಜೊತೆಗೆ ಬರುವವು. ಕಳೆ ತೆಗೆಯುವ ಕೈಗಳು ಬಹುಪಾಲು ಹೆಣ್ಣುಮಕ್ಕಳವು. ಬೆಳೆಯ ಕೇಡನ್ನು ಮೊದಲು ಕಾಣುವ ಕಣ್ಣುಗಳೂ ಅವರವೇ. ಮನೆಯ ಯಜಮಾನನು ಸಂಜೆ ಅವರನ್ನು ಕೂರಿಸಿಕೊಂಡು ‘ಇಂದು ಹೊಲದಲ್ಲಿ ಏನು ಕಂಡಿರಿ’ ಎಂದು ಕೇಳುವದು ಎಷ್ಟೋ ಔಷಧಗಳಿಗಿಂತ ಮೇಲು.

ಇಷ್ಟು ಹೊತ್ತು ಹೇಳಿದ್ದು ಕಣ್ಣಿಗೆ ಕಾಣುವ ಕಳ್ಳರ ಮಾತು. ಮನೆಯೊಳಗೇ ಇದ್ದು ಕನ್ನವಿಕ್ಕುವ ಇನ್ನೊಂದು ಕಳೆಯುಂಟು. ಸಸ್ಯಶಾಸ್ತ್ರಜ್ಞರು ಅದನ್ನು ಸ್ಟ್ರೈಗಾ ಎನ್ನುವರು. ಊರೂರಿಗೆ ಅದರ ಹೆಸರು ಬೇರೆ. ಗೇಣೆತ್ತರದ ಗಿಡ, ಸಣ್ಣ ಬಿಳಿಯ ಹೂ. ನೋಡಿದವರು ಅದನ್ನು ಪಾಪದ ಗಿಡವೆಂದು ತಿಳಿದಾರು. ಅದರ ಬೇರು ಜೋಳದ ಬೇರಿಗೆ ಕಚ್ಚಿಕೊಂಡು ನೀರನ್ನೂ ಸಾರವನ್ನೂ ಹೀರುವದು. ನೆಲದಲ್ಲಿ ತೇವವಿದ್ದರೂ ಜೋಳವು ಬರಗಾಲದಲ್ಲಿದ್ದಂತೆ ಬಾಡುವದು, ಕುಗ್ಗುವದು. ರೈತನು ದೃಷ್ಟಿಯಾಯಿತೆಂದು ಹಲುಬುವನು, ಕೇಡು ಬೇರಿನಲ್ಲಿದೆ. ಈ ಕಳೆ ನೆಲದ ಮೇಲೆ ತಲೆಯೆತ್ತುವ ಹೊತ್ತಿಗೆ ಅರ್ಧ ಕೇಡು ಆಗಿಯೇ ಹೋಗಿರುತ್ತದೆ.

ಅದರ ಬೀಜವು ಧೂಳಿನ ಕಣದಷ್ಟು. ಒಂದೇ ಗಿಡವು ಹತ್ತಾರು ಸಾವಿರ ಬೀಜ ಉದುರಿಸಬಲ್ಲದು. ಆ ಬೀಜವು ಹತ್ತು ವರ್ಷಕ್ಕೂ ಮಿಕ್ಕಿ ಮಣ್ಣಿನಲ್ಲಿ ಜೀವಹಿಡಿದು ಮಲಗಿರಬಲ್ಲದು. ಮಲಗಿದ್ದು ಏಳುವದು ಯಾವಾಗ? ತೇವದಲ್ಲಿ ನೆನೆದು, ಸಮೀಪದಲ್ಲಿ ಜೋಳದಂಥ ಬೆಳೆಯ ಬೇರು ಬಂದು, ಆ ಬೇರಿನಿಂದ ಒಸರುವ ಒಂದು ರಸದ ವಾಸನೆ ತನಗೆ ಮುಟ್ಟಿದಾಗ ಮಾತ್ರ. ಇಲ್ಲಿ ಒಂದು ಅದ್ಭುತವಿದೆ. ಈ ಬಗೆಯ ರಸವನ್ನು ವಿಜ್ಞಾನಿಗಳು ಮೊಟ್ಟಮೊದಲು ಪ್ರತ್ಯೇಕಿಸಿದ್ದು 1966ರಲ್ಲಿ. ಅದೂ ಹತ್ತಿಯ ಬೇರಿನಿಂದ. ಹತ್ತಿಯ ಬೇರು ಕರೆಯುವದು, ಕಳೆಯ ಬೀಜವು ಮೊಳೆಯುವದು. ಆದರೆ ಹತ್ತಿಯ ಬೇರಿಗೆ ಕಚ್ಚಲಾರದೆ ಆ ಮೊಳಕೆ ಹಸಿದು ಸಾಯುವದು. ಧಾರವಾಡದ ಸೀಮೆಯ ಎರೆಭೂಮಿಯಲ್ಲಿ ಒಂದು ವರ್ಷ ಹತ್ತಿ, ಒಂದು ವರ್ಷ ಜೋಳ ಎಂದು ಹಿರಿಯರು ನಡೆಸಿಬಂದ ಪದ್ಧತಿಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕೆ? ಅವರು ರಸಾಯನಶಾಸ್ತ್ರವನ್ನರಿಯರು, ಹೊಲವನ್ನರಿತಿದ್ದರು. ಶೇಂಗಾ, ಅಲಸಂದೆ, ಸೂರ್ಯಕಾಂತಿಗಳೂ ಇದೇ ರೀತಿ ಆ ಬೀಜವನ್ನು ವಂಚಿಸಿ ಕೆಡಿಸುವವು. ಆದುದರಿಂದ ಈ ಕಳೆ ಕಂಡ ಹೊಲದಲ್ಲಿ ಜೋಳದ ಮೇಲೆ ಜೋಳ ಬಿತ್ತಲಾಗದು. ಗೊಬ್ಬರವಿಲ್ಲದೆ ಬಡವಾದ ನೆಲದಲ್ಲಿ ಇದರ ಹಾವಳಿ ಹೆಚ್ಚು. ತಿಪ್ಪೆಗೊಬ್ಬರ ಕಂಡ ನೆಲದಲ್ಲಿ ಕಡಿಮೆ. ಕಂಡ ಗಿಡವನ್ನು ಹೂವಾಗುವದಕ್ಕೆ ಮೊದಲೇ ಕೀಳತಕ್ಕದ್ದು. ಹೂವಾಗಿದ್ದರೆ ಹೊಲದ ಹೊರಗೆ ಒಯ್ದು ಸುಡತಕ್ಕದ್ದು. ದನಕ್ಕೆ ಹಾಕಿದರೆ ಬೀಜವು ಸೆಗಣಿಯೊಡನೆ ತಿಪ್ಪೆಗೆ, ತಿಪ್ಪೆಯಿಂದ ತಿರುಗಿ ಹೊಲಕ್ಕೆ ಬರುವದು. ಒಂದು ವರ್ಷ ಬೀಜ ಉದುರಲು ಬಿಟ್ಟವನು ತನ್ನ ಮಗನ ಕಾಲದವರೆಗೂ ಸಾಲ ಮಾಡಿಟ್ಟಂತೆ.

ಈಗ ಕೀಟಗಳ ವಿಚಾರಕ್ಕೆ ಬರುವೆನು. ಇವನ್ನು ಹೆಸರಿನ ಪಟ್ಟಿಯಾಗಿ ಹೇಳದೆ ಬೆಳೆಯ ವಯಸ್ಸಿನ ಅನುಕ್ರಮದಲ್ಲಿ ಹೇಳುವದು ಮೇಲೆಂದು ತೋರುತ್ತದೆ.

ಬೀಜದ ಅವಸ್ಥೆಯಲ್ಲಿ ಕಾಳು ಕಾಡಿಗೆ. ತೆನೆಯಲ್ಲಿ ಕಾಳಿನ ಬದಲು ಕಪ್ಪು ಪುಡಿ ತುಂಬುವ ಈ ರೋಗವು ಬೀಜಕ್ಕೆ ಅಂಟಿಕೊಂಡೇ ಹೊಲಕ್ಕೆ ಬರುವದು. ಒಂದು ಕಿಲೋ ಬೀಜಕ್ಕೆ 4 ಗ್ರಾಂ ನುಣ್ಣನೆಯ ಗಂಧಕದ ಪುಡಿಯನ್ನು ಸವರಿ ಬಿತ್ತಿದರೆ ಸಾಕು. ಇಷ್ಟು ಅಗ್ಗದ ಉಪಾಯವಿರುವಾಗಲೂ ತೆನೆ ಕಪ್ಪಾದ ಮೇಲೆ ಮರುಗುವದು ವಿವೇಕವಲ್ಲ.

ಮೊಳೆತ ಒಂದು ವಾರದಿಂದ ನಾಲ್ಕು ವಾರಗಳವರೆಗೆ ಸುಳಿನೊಣ. ಮನೆಯ ನೊಣದಂತೆಯೇ ಇದ್ದು ಅದಕ್ಕಿಂತ ಚಿಕ್ಕದಾದ ಇದು ಎಳೆಯ ಎಲೆಯ ಕೆಳಮೈಗೆ ಒಂದೊಂದೇ ಬಿಳಿಯ ಮೊಟ್ಟೆಯನ್ನಿಡುವದು. ಒಂದೆರಡು ದಿವಸಗಳಲ್ಲಿ ಮರಿಯು ಹೊರಬಿದ್ದು ಸುಳಿಯೊಳಗೆ ಇಳಿದು ಬೆಳೆಯುವ ಕುಡಿಯನ್ನೇ ಕತ್ತರಿಸುವದು. ಸುಳಿ ಒಣಗುವದು, ಹಿಡಿದೆಳೆದರೆ ಸಲೀಸಾಗಿ ಕಿತ್ತುಬರುವದು, ಬುಡದಲ್ಲಿ ಕೊಳೆತ ವಾಸನೆ ಬರುವದು. ಸುಳಿ ಸತ್ತ ಮೇಲೆ ಯಾವ ಔಷಧಿಯೂ ಅದನ್ನು ಬದುಕಿಸಲಾರದು. ಆದುದರಿಂದ ಇದರ ನಿವಾರಣೆಯೆಲ್ಲ ಬಿತ್ತುವ ಮುಹೂರ್ತದಲ್ಲಿದೆ. ಮುಂಗಾರಿಯಲ್ಲಿ ಮಳೆ ಹಿಡಿದ ವಾರ ಹತ್ತು ದಿವಸಗಳೊಳಗೆ ಬಿತ್ತಿದವನ ಜೋಳವು ನೊಣದ ಸಂತತಿ ಹೆಚ್ಚುವ ಮೊದಲೇ ಬಲಿಯುವದು. ತಡಮಾಡಿದವನ ಪೈರಿಗೆ ನೊಣವೆಲ್ಲ ಮುತ್ತುವದು. ಹಿಂಗಾರಿಯಲ್ಲಿ ಇದು ತಿರುಗುಮುರುಗು. ಹುಬ್ಬೆಯ ಮಳೆಗೇ ಅವಸರಪಟ್ಟು ಬಿತ್ತಿದರೆ ನೊಣದ ಕಾಟ ಹೆಚ್ಚು. ಉತ್ತರೆಯ ಕೊನೆಯಿಂದ ಹಸ್ತೆಯ ಮಳೆಯವರೆಗೆ, ಅಂದರೆ ಸೆಪ್ಟೆಂಬರದ ಕಡೆಯ ವಾರದಿಂದ ಅಕ್ಟೋಬರದ ಮೊದಲ ಭಾಗದೊಳಗೆ ಬಿತ್ತಿದ್ದಕ್ಕೆ ಕಡಿಮೆ. ಇನ್ನೂ ತಡಮಾಡಿದರೆ ನೊಣ ಬಿಟ್ಟರೂ ತೇವ ಕೈಕೊಡುವದು. ಮಳೆಯೇ ಬಾರದಾಗ ಮುಹೂರ್ತವೆಲ್ಲಿಯದು ಎಂದರೆ ಆ ಮಾತು ನಿಜವೇ. ಅಂಥ ವರ್ಷ ಎಕರೆಗೆ 3 ಕಿಲೋ ಬೀಜದ ಬದಲು 4 ಕಿಲೋ ಬೀಜವನ್ನು ಕೂರಿಗೆಗೆ ಹಾಕಿ, ಸುಳಿ ಒಣಗಿದ ಸಸಿಗಳನ್ನು ಕಿತ್ತೊಗೆದು ಗಟ್ಟಿ ಸಸಿಗಳನ್ನುಳಿಸಿಕೊಳ್ಳುವದು ಒಳ್ಳೆಯ ಉಪಾಯ. ಸೊಲ್ಲಾಪುರ ಜಿಲ್ಲೆಯ ಮೊಹೋಳದ ಕ್ಷೇತ್ರದಲ್ಲಿ 1930ರ ಸುಮಾರಿಗೆ ಆಯ್ದ ಮಾಲದಂಡಿ ಜೋಳವು, ಎಂ 35-1 ಎಂಬ ಹೆಸರಿನಿಂದ ನಿಮಗೆಲ್ಲ ಪರಿಚಿತವಾದದ್ದು, ಈ ನೊಣವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುವ ಗುಣವುಳ್ಳದ್ದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಿತ್ತ ಎಳೆಯ ಸಸಿಗಳನ್ನು ಹಸಿರು ಮೇವೆಂದು ದನಗಳ ಮುಂದೆ ಹಾಕಬೇಡಿರಿ. ಎಳೆಯ ಜೋಳದಲ್ಲಿ, ವಿಶೇಷವಾಗಿ ನೀರಿಲ್ಲದೆ ಕುಗ್ಗಿದ ಪೈರಿನಲ್ಲಿಯೂ ಸುಳಿ ಸತ್ತು ಬುಡದಿಂದ ಒಡೆದ ಮರಿಗಳಲ್ಲಿಯೂ, ಹೊಟ್ಟೆಗೆ ಹೋದೊಡನೆ ಪ್ರಾಣಾಂತಿಕ ವಿಷವಾಗುವ ಒಂದು ದ್ರವ್ಯವಿರುವದು. ದನವು ಮೇದ ಗಳಿಗೆಯಲ್ಲಿಯೇ ಉಬ್ಬಸಪಟ್ಟು ಬೀಳಬಹುದು. ಬೆಳೆಯು ಹೂಬಿಟ್ಟು ಬಲಿತ ಮೇಲೆ ಆ ವಿಷವು ತಗ್ಗುವದು. ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಭಯವಿಲ್ಲ. ಒಂದು ಹೊರೆ ಹುಲ್ಲಿನಾಸೆಗೆ ಎತ್ತನ್ನು ಕಳೆದುಕೊಳ್ಳುವಂತಾಗಬಾರದು.

ಒಂದು ತಿಂಗಳು ಕಳೆದ ಮೇಲೆ ಕಾಂಡ ಕೊರೆಯುವ ಹುಳು. ಸುಳಿಯ ಎಲೆ ಬಿಚ್ಚಿದಾಗ ಸೂಜಿಯಿಂದ ಚುಚ್ಚಿದಂತೆ ಸಾಲು ತೂತುಗಳು ಕಂಡರೆ ಅದು ಬಂತೆಂದು ತಿಳಿಯುವದು. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಜೋಡಿಸಿದ ಮೊಟ್ಟೆಯ ಗುಂಪು ಎಲೆಯ ಮೇಲೆ ಸಿಕ್ಕರೆ ಎಲೆಸಹಿತ ಕಿತ್ತು ಹೊಸಕುವದು. ಕಾಂಡದೊಳಗೆ ಸೇರಿದ ಮೇಲೆ ಅದು ಕೈಗೆ ಸಿಕ್ಕಲಾರದು. ಈ ಹುಳು ಬೇಸಿಗೆಯನ್ನು ಕಳೆಯುವದು ಹೊಲದ ಕೂಳೆಯಲ್ಲಿ, ಕಣಿಕೆಯ ದಂಟಿನಲ್ಲಿ. ಹೊಲದಲ್ಲಿ ಕೂಳೆಯನ್ನು ಬಿಟ್ಟವನು ಶತ್ರುವಿಗೆ ಮನೆ ಕಟ್ಟಿಸಿಕೊಟ್ಟಂತೆ. ಕೂಳೆ ಕಿತ್ತು, ಉತ್ತು, ಮುಂಗಾರಿಗೆ ಮೊದಲೇ ಕಣಿಕೆಯನ್ನು ಕತ್ತರಿಸಿ ಮೇಯಿಸಿ ಮುಗಿಸಿದರೆ ಮುಂದಿನ ವರ್ಷದ ಅರ್ಧ ಕೆಲಸ ಅಲ್ಲಿಯೇ ಆಯಿತು.

ಇದರ ಜೊತೆಗೆ ಈಚೆಗೆ ಬಂದ ಇನ್ನೊಂದು ಹುಳುವಿದೆ. ಅಮೇರಿಕಾ ಖಂಡದ ಈ ಸೈನಿಕ ಹುಳುವು ಭಾರತದಲ್ಲಿ ಮೊದಲು ಕಂಡುಬಂದದ್ದು ನಮ್ಮ ಶಿವಮೊಗ್ಗದ ಸೀಮೆಯ ಗೋವಿನಜೋಳದಲ್ಲಿಯೇ, 2018ರಲ್ಲಿ. ಇದು ಜೋಳವನ್ನೂ ಬಿಡದು. ಸುಳಿಯಲ್ಲಿ ಕುಳಿತು ಎಲೆಯನ್ನು ಹರಿದು ತಿಂದು, ಕಟ್ಟಿಗೆಯ ಹೊಟ್ಟಿನಂಥ ಹಿಕ್ಕೆಯನ್ನು ತುಂಬುವದು. ದೊಡ್ಡ ಹೊಲದವರು ಇದಕ್ಕೆ ಅಂಜಬೇಕು. ಎರಡೆಕರೆಯವನು ಬೆಳೆಯ ಮೊದಲ ತಿಂಗಳಲ್ಲಿ ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣದ ಪುಡಿ ಬೆರೆಸಿ, ಹುಳು ಕಂಡ ಸುಳಿಗೆ ಚಿಟಿಕೆ ಚಿಟಿಕೆ ಹಾಕುತ್ತ ಸಾಲು ಹಿಡಿದು ನಡೆದರೆ ಬಹಳಷ್ಟನ್ನು ತಡೆಯಬಲ್ಲನು.

ಮಿಡತೆಯ ಒಂದು ಮಾತನ್ನು ಹೇಳಿ ಮುಂದೆ ಹೋಗುವೆನು. ದಖ್ಖನದ ಜೋಳದ ಮಿಡತೆಗೆ ರೆಕ್ಕೆಯಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ 1908ರಲ್ಲಿ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿದ್ವಾಂಸರು ಇದನ್ನು ಅಭ್ಯಾಸ ಮಾಡಿದರು. 1910ರಲ್ಲಿ ಅದಕ್ಕೆ ಅವರ ಹೆಸರಿನಿಂದಲೇ ಕೋಲ್ಮೇನಿಯಾ ಎಂದು ನಾಮಕರಣವಾಯಿತು. ಹಾರಲಾರದ ಜೀವಿಯು ದೂರದಿಂದ ಬರಲಾರದು. ಅದು ಹುಟ್ಟುವದು ನಮ್ಮ ಮತ್ತು ನೆರೆಯವರ ನೆಲದಲ್ಲಿಯೇ. ವರ್ಷಕ್ಕೊಂದೇ ಸಂತತಿ, ಮೊಟ್ಟೆಗಳು ಮಣ್ಣಿನೊಳಗೆ ಮುಂದಿನ ಮುಂಗಾರಿಯವರೆಗೆ ಕಾದಿರುವವು. ಬೇಸಿಗೆಯ ರಂಟೆಯು ಅವನ್ನು ಮೇಲೆ ತಂದರೆ ಬಿಸಿಲೂ ಹಕ್ಕಿಗಳೂ ಉಳಿದ ಕೆಲಸವನ್ನು ಮುಗಿಸುವವು.

ತೆನೆ ಬಂದ ಮೇಲೆ ಬರುವ ಬಾಧೆಗಳು ಬೇರೆ. ಮುಂಗಾರಿ ಜೋಳ ಹೂವಾಡುವಾಗ ಕಿತ್ತಳೆ ಬಣ್ಣದ ಒಂದು ಕಿರುನೊಣವು ಹೂವಿನೊಳಗೆ ಮೊಟ್ಟೆಯಿಡುವದು. ಅಂಥ ಹೂವಿನಲ್ಲಿ ಕಾಳು ಕಟ್ಟದೆ ತೆನೆ ಜೊಳ್ಳಾಗುವದು. ಆ ನೊಣದ ಆಯುಷ್ಯ ಒಂದು ದಿವಸ. ಆದರೆ ಸುಮಾರು ಎರಡು ವಾರಕ್ಕೊಮ್ಮೆ ಅದರ ಹೊಸ ತಲೆಮಾರು ಏಳುವದು. ಊರಿನ ಜೋಳವೆಲ್ಲ ಒಂದೇ ಕಾಲಕ್ಕೆ ಹೂವಾಡಿ ಮುಗಿದರೆ ಎರಡನೆಯ ತಲೆಮಾರಿಗೆ ಹೂವೇ ಸಿಕ್ಕದು. ಒಬ್ಬನು ಇಂದು, ಒಬ್ಬನು ಹದಿನೈದು ದಿವಸಕ್ಕೆ, ಮತ್ತೊಬ್ಬನು ತಿಂಗಳಿಗೆ ಬಿತ್ತಿದರೆ ಮೊದಲನೆಯವನ ಹೊಲದಲ್ಲಿ ಹುಟ್ಟಿದ್ದು ಕಡೆಯವನ ಹೊಲವನ್ನು ನುಂಗುವದು. ಹಿಂಗಾರಿಯಲ್ಲಿ ಸಸ್ಯಹೇನು ಕಂಡುಬರುವದು. ಎಲೆಗಳ ಮೇಲೆ ಜಿಗಿಜಿಗಿಯಾದ ಸಿಹಿರಸವು ಹೊಳೆಯುವದು, ಕಣಿಕೆಯ ಗುಣ ಕೆಡುವದು. ಇದನ್ನು ಕಂಡೊಡನೆ ಔಷಧಕ್ಕೆ ಓಡುವದಕ್ಕೆ ಮೊದಲು ಗುಲಗಂಜಿ ಹುಳುಗಳಿವೆಯೇ ನೋಡಿರಿ. ಕೆಂಪು ಬೆನ್ನಿನ ಆ ಹುಳುಗಳೂ ಅವುಗಳ ಮರಿಗಳೂ ಹೇನುಗಳನ್ನೇ ತಿಂದು ಬದುಕುವವು. ಇನ್ನು ಗುಬ್ಬಿ ಗಿಳಿಗಳು. ಕಾಳಿಗೆ ಹಾಲು ತುಂಬಿದ ದಿವಸದಿಂದ ಅಟ್ಟಣಿಗೆ, ಕವಣೆ ಇವೇ ಗತಿ. ಸೀತನಿ ತಿನ್ನುವ ಹುರುಪಿನಲ್ಲಿ ಮಕ್ಕಳು ಹೊಲಕ್ಕೆ ಬರುವ ಕಾಲವೂ ಅದೇ ಆದ್ದರಿಂದ ಕಾವಲಿಗೆ ಜನರ ಕೊರತೆಯಾಗದು. ಆದರೆ ಊರಿಗೆಲ್ಲ ಮೊದಲು ತೆನೆ ಬಂದ ಹೊಲಕ್ಕೂ ಎಲ್ಲರಿಗಿಂತ ಕಡೆಗೆ ನಿಂತ ಹೊಲಕ್ಕೂ ಊರಿನ ಹಕ್ಕಿಗಳೆಲ್ಲ ಇಳಿಯುವವು. ನಡುವೆ ಎಲ್ಲರ ಸಂಗಡ ಮಾಗಿದ ಹೊಲದಲ್ಲಿ ನಷ್ಟವು ಹಂಚಿಹೋಗುವದು.

ಈ ಗೋಷ್ಠಿಗೆ ಮುಂಚೆ ಹಿರಿಯ ಶರಣರೊಬ್ಬರು ನನ್ನನ್ನು ಕೇಳಿದರು: “ಪಂಡಿತರೇ, ಹುಳುವನ್ನು ಕೊಲ್ಲುವದು ಹಿಂಸೆಯಲ್ಲವೆ? ಕೊಲ್ಲದಿದ್ದರೆ ಹೊಟ್ಟೆಗೇನು?” ಇದು ಲಘುವಾದ ಪ್ರಶ್ನೆಯಲ್ಲ. ನಾನು ಇಷ್ಟು ಹೊತ್ತು ಹೇಳಿದ ಉಪಾಯಗಳನ್ನು ನೀವು ವಿಚಾರಿಸಿ ನೋಡಿದರೆ ಉತ್ತರವು ಅವುಗಳಲ್ಲಿಯೇ ದೊರೆಯುವದು. ಹೊತ್ತಿಗೆ ಬಿತ್ತುವದು, ಕೂಳೆ ಕೀಳುವದು, ಬೆಳೆ ಬದಲಿಸುವದು, ಇವುಗಳಿಂದ ಹುಳುವಿಗೆ ಹುಟ್ಟುವ ಅವಕಾಶವೇ ತಪ್ಪುವದು. ಹುಟ್ಟಿಸಿ ಕೊಲ್ಲುವ ಪ್ರಸಂಗ ಬಹುಮಟ್ಟಿಗೆ ಬಾರದು. ಅನಿವಾರ್ಯವಾಗಿ ಕೈಯಿಂದ ಹೊಸಕಿದರೆ ಸಾಯುವದು ಅಪರಾಧಿಯೊಬ್ಬನೆ. ಘೋರವಿಷವನ್ನು ಹೊಲಕ್ಕೆ ಸುರಿದರೆ ಕಾಂಡದ ಹುಳುವನ್ನು ಹುಡುಕಿ ನಾಶಮಾಡುವ ಕಣಜವೂ ಸಾಯುವದು, ಗುಲಗಂಜಿ ಹುಳುವೂ ಸಾಯುವದು, ಜೇನೂ ಸಾಯುವದು. ಕೆಲವೊಮ್ಮೆ ಹೊಡೆದವನೂ ಸಾಯುವನು. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುತ್ತಿದ್ದ ಎಷ್ಟೋ ಮಂದಿ ರೈತರೂ ಕೂಲಿಕಾರರೂ ವಿಷವೇರಿ ಪ್ರಾಣಬಿಟ್ಟರು. ಅದೂ ನಮ್ಮಂತೆಯೇ ಎರೆಭೂಮಿಯ ನಾಡು. ಸುಳಿನೊಣಕ್ಕೆಂದು ಸಾಲಿನಲ್ಲಿ ಹಾಕುತ್ತಿದ್ದ ಫೋರೇಟ್ ಎಂಬ ಗುಳಿಗೆಯ ವಿಷವನ್ನು ಸರಕಾರವೇ 2020ರ ಕೊನೆಗೆ ಸಂಪೂರ್ಣವಾಗಿ ನಿಷೇಧಿಸಿತು. ಮನೆಯ ಅಟ್ಟದ ಮೇಲೆ ಅದರ ಹಳೆಯ ಚೀಲ ಉಳಿದಿದ್ದರೆ ದಯವಿಟ್ಟು ಬಳಸಬೇಡಿರಿ.

ಔಷಧವು ಬೇಕೇ ಆದಲ್ಲಿ ಮೊದಲು ಬೇವನ್ನು ನೆನೆಯಿರಿ. ಬೇಸಿಗೆಯ ಕೊನೆಗೆ ಉದುರಿದ ಬೇವಿನ ಹಣ್ಣನ್ನು ಆರಿಸಿ, ಬೀಜವನ್ನು ನೆರಳಿನಲ್ಲಿ ಒಣಗಿಸಿಡುವದು. 5 ಕಿಲೋ ತಿರುಳನ್ನು ಕುಟ್ಟಿ ಪುಡಿಮಾಡಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ಒಟ್ಟು 100 ಲೀಟರು ಆಗುವಂತೆ ನೀರು ಕೂಡಿಸಿ, ಅಂಟುವದಕ್ಕಾಗಿ ಸ್ವಲ್ಪ ಸಾಬೂನು ಕರಗಿಸಿ, ಸಂಜೆಯ ಹೊತ್ತು ಸಿಂಪಡಿಸುವದು. ಸುಳಿನೊಣಕ್ಕೆ ಇದನ್ನು ಬಳಸುವದಾದರೆ ಮೊಳೆತ ಮೊದಲೆರಡು ವಾರಗಳಲ್ಲಿಯೇ ಬಳಸಬೇಕು. ಕಳೆನಾಶಕಗಳ ವಿಷಯದಲ್ಲಿ ಒಂದೇ ಮಾತು. ಅಟ್ರಾಜಿನ್ ಎಂಬುದು ಜೋಳವನ್ನು ಉಳಿಸಿ ಕಳೆಯನ್ನು ಕೊಲ್ಲುವದು ನಿಜ. ಆದರೆ ಅಕ್ಕಡಿಯಲ್ಲಿ ಬಿತ್ತಿದ ತೊಗರಿ, ಹೆಸರುಗಳನ್ನೂ ಅದು ಕಳೆಯೆಂದೇ ಎಣಿಸುವದು. ರೊಟ್ಟಿಯೊಡನೆ ಬೇಳೆಯನ್ನೂ ಬಯಸುವ ಕಿರುಹೊಲದವನಿಗೆ ಎಡೆಕುಂಟೆಯೇ ತಕ್ಕದ್ದು.

ಮಹನೀಯರೇ, ಈಗ ನನ್ನ ಮಾತಿನ ಎರಡನೆಯ ಭಾಗಕ್ಕೆ, ಊರು ಕೂಡುವ ಮಾತಿಗೆ ಬಂದೆನು. ಇಷ್ಟರಲ್ಲಿಯೇ ನೀವು ಗಮನಿಸಿರಬಹುದು. ಸುಳಿನೊಣವು ತಡವಾಗಿ ಬಿತ್ತಿದವನನ್ನು ಹುಡುಕುವದು, ಹೂವಿನ ನೊಣವು ಹಿಂದುಳಿದವನನ್ನು ಹುಡುಕುವದು, ಹಕ್ಕಿಯು ಒಂಟಿ ಹೊಲವನ್ನು ಹುಡುಕುವದು. ಕೂಳೆಯ ಹುಳು ಒಬ್ಬನ ಹೊಲದಲ್ಲಿ ಮಲಗಿ ಹತ್ತು ಮಂದಿಯ ಹೊಲದಲ್ಲಿ ಏಳುವದು. ಬಿಳಿಯ ಹೂವಿನ ಕಳೆಯ ಬೀಜವು ಮಳೆಯ ನೀರಿನೊಡನೆ ಬದು ಹರಿದು ಇಳಿಯುವದು. ಬದುವೆಂಬುದು ಮನುಷ್ಯನು ಹಾಕಿದ ಗೆರೆ; ಕಳೆ ಕೀಟಗಳು ಅದನ್ನು ಓದಲಾರವು. ಕಿರುಹೊಲದವನು ಎಷ್ಟು ಜಾಗರೂಕನಾದರೂ ಅವನ ಸುತ್ತಲೂ ನಾಲ್ಕು ಬದುಗಳಿವೆ. ಹೊಲ ಚಿಕ್ಕದಾದಷ್ಟೂ ಬದುವಿನ ಪಾಲು ಹೆಚ್ಚು. ನೆರೆಯವನು ಮೈಮರೆತರೆ ಇವನ ಶ್ರಮವು ಸೋರಿಹೋಗುವದು.

ಆದುದರಿಂದ ಈ ಮಹೋತ್ಸವದ ಸ್ಮರಣೆಗಾಗಿ ಶ್ರೀಮಠದ ಭಕ್ತರಿರುವ ಪ್ರತಿಯೊಂದು ಗ್ರಾಮದಲ್ಲಿಯೂ ಮೂರು ಒಪ್ಪಂದಗಳಾಗಲೆಂದು ಸನ್ನಿಧಿಯವರ ಸಮಕ್ಷಮದಲ್ಲಿ ಪ್ರಾರ್ಥಿಸುವೆನು. ಒಂದನೆಯದು, ಮಳೆಯು ಹದವಾದೊಡನೆ ಹಿರಿಯರು ಕೂಡಿ ದಿವಸ ಗೊತ್ತುಮಾಡಿ ಊರಿನ ಜೋಳವೆಲ್ಲ ಹತ್ತು ದಿವಸಗಳೊಳಗೆ ಬಿತ್ತಿಯಾಗಬೇಕು. ಎತ್ತು ಕೂರಿಗೆಗಳಿಲ್ಲದವನಿಗೆ ಇದ್ದವನು ಕೊಡತಕ್ಕದ್ದು. ಬಡವನು ತಡವಾಗಿ ಬಿತ್ತಿದರೆ ಅವನ ಹೊಲದಲ್ಲಿ ಬೆಳೆದ ನೊಣವು ಸಿರಿವಂತನ ಹೊಲಕ್ಕೂ ಬರುವದೆಂಬುದನ್ನು ನೆನೆದರೆ ಇದು ದಾನವಲ್ಲ, ತನ್ನ ಹಿತವೇ. ಎರಡನೆಯದು, ಜೋಳದ ಬೇರು ಹೀರುವ ಆ ಬಿಳಿಯ ಹೂವಿನ ಕಳೆಯು ಯಾರ ಹೊಲದಲ್ಲಿ ಕಂಡರೂ ಬೀಜವಾಗಗೊಡಬಾರದು. ಕಂಡವರು ಒಡೆಯನಿಗೆ ತಿಳಿಸಬೇಕು, ಒಡೆಯನು ಅದನ್ನು ಅವಮಾನವೆಂದೆಣಿಸಬಾರದು. ಎಳ್ಳಮಾವಾಸ್ಯೆಯ ದಿವಸ ಚರಗ ಚೆಲ್ಲುತ್ತ ಹೊಲದ ಸುತ್ತ ನಡೆಯುವ ನಾವು ಅಂದು ಕಣ್ಣನ್ನೂ ತೆರೆದು ನಡೆದರೆ ಒಂದೇ ದಿವಸ ಊರಿನ ಹೊಲಗಳೆಲ್ಲ ಪರೀಕ್ಷಿಸಲ್ಪಡುವವು. ಮೂರನೆಯದು, ಯುಗಾದಿಯೊಳಗೆ ಊರಿನ ಎಲ್ಲ ಕೂಳೆಯೂ ನೆಲದಿಂದ ಎದ್ದಿರಬೇಕು. ಶ್ರೀಮಠಕ್ಕೆ ಸೇರಿದ ಹೊಲಗಳೂ ಈ ಮೂರಕ್ಕೆ ಹೊರತಾಗಬಾರದು; ಅಲ್ಲಿಯೇ ಮೊದಲು ಇವು ನಡೆದರೆ ಭಕ್ತರಿಗೆ ಹೇಳುವದಕ್ಕೆ ಬಾಯಿ ಬರುವದು. ಪಾಠಶಾಲೆಯ ವಿದ್ಯಾರ್ಥಿಗಳನ್ನು ವಾರಕ್ಕೊಂದು ಮುಂಜಾನೆ ಆ ಹೊಲಗಳ ಸಾಲಿನಲ್ಲಿ ನಡೆಸುವ ಹೊಣೆಯನ್ನು ನಾನು ಹೊರುವೆನು. ಸೂತ್ರವನ್ನು ಕಂಠಪಾಠ ಮಾಡಿದ ಹುಡುಗನು ಸುಳಿನೊಣದ ಮೊಟ್ಟೆಯನ್ನೂ ಗುರುತಿಸಿದರೆ ಅವನ ವಿದ್ಯೆಗೆ ಕುಂದು ಬಾರದು.

ಇವುಗಳಲ್ಲಿ ಯಾವದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ. ಬೇಕಾದದ್ದು ಹೊತ್ತಿಗೆ ಸರಿಯಾಗಿ ಏಳುವ ಅಭ್ಯಾಸ, ನೆರೆಯವನೊಡನೆ ನಾಲ್ಕು ಮಾತು, ವರ್ಷ ಬಿಡದೆ ನಡೆಸುವ ನಿಷ್ಠೆ. ಒಂದು ವರ್ಷದಲ್ಲಿ ಫಲ ಕಾಣದಿದ್ದರೆ ಬೇಸರಪಡಬೇಡಿರಿ. ಹತ್ತು ವರ್ಷ ನೆಲದಲ್ಲಿ ಮಲಗಬಲ್ಲ ಬೀಜವನ್ನು ಗೆಲ್ಲುವದಕ್ಕೆ ಅಷ್ಟೇ ದೀರ್ಘವಾದ ತಾಳ್ಮೆ ಬೇಕಾಗುವದು.

ನಿಮ್ಮ ಕಣಗಳಲ್ಲಿ ರಾಶಿ ತುಂಬಲಿ, ಎತ್ತುಗಳಿಗೆ ಬಣವೆ ಏರಲಿ, ದಾಸೋಹದ ಒಲೆ ಆರದಿರಲಿ ಎಂದು ಪರಶಿವನಲ್ಲಿ ಬೇಡಿಕೊಂಡು ವಿರಮಿಸುವೆನು.

ಶರಣು ಶರಣಾರ್ಥಿ.